ಐಇಎಲ್‌ಟಿಎಸ್ ಮತ್ತು ಪಿಟಿಇ: ಎರಡನ್ನೂ ಬರೆದ ಮೇಲೆ ನನ್ನ ಓಟು

ಮೊದಲೇ ಹೇಳಿಬಿಡುತ್ತೇನೆ, ಇಂಗ್ಲಿಷ್ ಎಷ್ಟು ಬರುತ್ತದೆಂದು ಅಳೆಯುವ ಈ ಎರಡು ಪರೀಕ್ಷೆಗಳಲ್ಲಿ ನನ್ನ ಓಟು ಐಇಎಲ್‌ಟಿಎಸ್‌ಗೆ. ನಾನು ಮೊದಲು ಮುಗ್ಗರಿಸಿದ್ದೂ ಅದರಲ್ಲೇ, ಆದರೂ ಅದಕ್ಕೇ.

ಸೇರಬೇಕೆಂದಿದ್ದ ವಿಶ್ವವಿದ್ಯಾಲಯ ಐಇಎಲ್‌ಟಿಎಸ್‌ನಲ್ಲಿ ಕೇಳಿದ್ದು ಒಟ್ಟು 7 ಬ್ಯಾಂಡ್ (ಅಲ್ಲಿ ಅಂಕಕ್ಕೆ ಹಾಗೆನ್ನುತ್ತಾರೆ), ಯಾವ ವಿಭಾಗದಲ್ಲೂ 6.5ಕ್ಕಿಂತ ಕಡಿಮೆ ಇರಬಾರದು. ನಾನು ಗಮನಿಸಿದ್ದು ಮೊದಲ ಅರ್ಧವನ್ನು ಮಾತ್ರ. ಫಲಿತಾಂಶ ಬಂತು: ಲಿಸನಿಂಗ್ 8, ರೀಡಿಂಗ್ 8, ಸ್ಪೀಕಿಂಗ್ 7, ರೈಟಿಂಗ್ 6. ಕೂಡಿ ನಾಲ್ಕರಿಂದ ಭಾಗಿಸಿದರೆ 7.25. ಕಾಲು ಬಂದರೆ ಮುಂದಿನ ಅರ್ಧಕ್ಕೆ ಏರಿಸುವುದು ಅವರ ನಿಯಮ, ಹಾಗಾಗಿ ಒಟ್ಟು 7.5. ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದೆ. ಅರ್ಜಿ ತುಂಬಲು ಕೂತಾಗ ಆ ಒಂದು 6 ಕಣ್ಣಿಗೆ ಕುಕ್ಕಿತು. ಕೇಳಿದ್ದಕ್ಕಿಂತ ಅರ್ಧ ಬ್ಯಾಂಡ್ ಹೆಚ್ಚು ತಂದೂ ಫೇಲು! (ಈ ಪರೀಕ್ಷೆಗಳಲ್ಲಿ ಪಾಸು, ಫೇಲು ಅನ್ನುವುದೇ ಇಲ್ಲ, ಗೆರೆ ಎಳೆಯುವವರು ಅಂಕ ಕೇಳುವವರು. ಆದರೆ ಹೊಟ್ಟೆಯುರಿಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ.)

ರೈಟಿಂಗ್‌ನಲ್ಲಿ ಒಂದು ಗಂಟೆಗೆ ಎರಡು ಬರಹ. ಮೊದಲನೆಯದು ಕನಿಷ್ಠ 150 ಪದ, ಎರಡನೆಯದು 250. ಎರಡನೆಯದಕ್ಕೆ ಇಮ್ಮಡಿ ತೂಕ. ನಾನೋ, ಮೊದಲನೆಯ ಗ್ರಾಫಿನ ವಿವರಣೆಯನ್ನು ಅರ್ಧ ಗಂಟೆಗೂ ಮೀರಿ ತಿದ್ದಿ ತೀಡಿ, ಪ್ರಬಂಧವನ್ನು ಉಸಿರುಗಟ್ಟಿ ಮುಗಿಸಿದ್ದೆ. ಮೊದಲನೆಯದಕ್ಕೆ 7 ಬಂದು ಪ್ರಬಂಧಕ್ಕೆ 5.5 ಬಂದರೆ ಲೆಕ್ಕ 6ಕ್ಕೇ ಬಂದು ನಿಲ್ಲುತ್ತದೆ.

ಆ ಸಿಟ್ಟಿನಲ್ಲೇ ಪಿಟಿಇಗೆ ಹೆಸರು ಹಚ್ಚಿದೆ. ಸುಮಾರು ಎರಡು ಗಂಟೆಯ ಪರೀಕ್ಷೆ, ಅಂಕ 10ರಿಂದ 90, ಫಲಿತಾಂಶ ಎರಡು ದಿನದಲ್ಲಿ ಕೈಗೆ. ಬರಹ ಚಿಕ್ಕದು, ಟೈಪಿಂಗ್ ನನಗೆ ದಿನದ ಕೆಲಸ. ಇಷ್ಟರ ಮಟ್ಟಿಗೆ ಪಿಟಿಇಯೇ ಮೇಲು, ಒಪ್ಪುತ್ತೇನೆ.

ಕಾಲಿಗೆ ತೊಡರಿದ್ದು ಮೈಕು. ಪಿಟಿಇಯಲ್ಲಿ ನಾವು ಮಾತಾಡುವುದು ಕಂಪ್ಯೂಟರಿನ ಜೊತೆ. ಮೂರು ಸೆಕೆಂಡು ಸುಮ್ಮನಾದರೆ ಮಾತು ಮುಗಿಯಿತೆಂದು ತಿಳಿದು ಅದು ರೆಕಾರ್ಡಿಂಗ್ ನಿಲ್ಲಿಸಿಬಿಡುತ್ತದೆ. ಪರದೆಯ ಮೇಲೆ ಒಂದು ಚಿತ್ರ ಬರುತ್ತದೆ. ನೋಡಿಕೊಳ್ಳಲು 25 ಸೆಕೆಂಡು, ಹೇಳಲು 40. ನನಗೆ ಮೊದಲಿನಿಂದಲೂ ಒಂದು ವಾಕ್ಯ ಹೇಳಿ, ನಿಂತು, ಇನ್ನೊಂದನ್ನು ಜೋಡಿಸಿಕೊಂಡು ಹೇಳುವ ಅಭ್ಯಾಸ. ಎದುರಿಗಿರುವವರು ತಲೆಯಾಡಿಸುತ್ತ ಕಾಯುತ್ತಾರೆ. ಮೈಕು ಕಾಯಲಿಲ್ಲ. ಎರಡನೆಯ ವಾಕ್ಯಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅದು ಮುಚ್ಚಿಕೊಂಡಿತ್ತು.

ಅಲ್ಲಿಂದ ಮುಂದೆ ಗಾಬರಿ. ನಿಲ್ಲಬಾರದು, ನಿಲ್ಲಬಾರದು ಎಂದುಕೊಂಡು ಬಾಯಿಗೆ ಬಂದದ್ದನ್ನು ಬಡಬಡಿಸಿದೆ. ಅದೇ ಕೋಣೆಯಲ್ಲಿ ಉಳಿದವರೂ ಅವರವರ ಮೈಕಿಗೆ ಮಾತಾಡುತ್ತಿರುತ್ತಾರೆ. ಹೆಡ್‌ಫೋನಿನ ಆಚೆಯಿಂದ ಯಾರದ್ದೋ ಚಿತ್ರದ ವರ್ಣನೆ ನನ್ನ ಬಾಯಿಗೇ ಬಂದೀತು ಅನ್ನಿಸುತ್ತಿತ್ತು. ಇನ್ನೊಂದು ಪೆಟ್ಟು, ಕೇಳಿದ ವಾಕ್ಯವನ್ನು ಹಾಗೇ ತಿರುಗಿ ಹೇಳುವ ಪ್ರಶ್ನೆಯ ಅಂಕ ಸ್ಪೀಕಿಂಗ್‌ಗೂ ಸೇರುತ್ತದೆ, ಲಿಸನಿಂಗ್‌ಗೂ ಸೇರುತ್ತದೆ. ನಾಲಿಗೆ ತಡವರಿಸಿದರೆ ಕಿವಿಗೂ ದಂಡ.

ಒಟ್ಟು 67 ಬಂತು, ಸ್ಪೀಕಿಂಗ್ 51. ವಿಶ್ವವಿದ್ಯಾಲಯದ ಗೆರೆ ಒಟ್ಟು 65, ವಿಭಾಗಕ್ಕೆ 58. ಮತ್ತೆ ಅದೇ ಕಥೆ, ವಿಭಾಗ ಮಾತ್ರ ಬೇರೆ. ತಪ್ಪು ಯಂತ್ರದ್ದಲ್ಲ, ಮೂರು ಸೆಕೆಂಡಿನ ನಿಯಮ ಗೊತ್ತಿದ್ದೂ ಅಭ್ಯಾಸ ಮಾಡದೆ ಹೋದವರದ್ದು. ಐಇಎಲ್‌ಟಿಎಸ್‌ನಲ್ಲಿ ಎದುರಿಗೆ ಒಬ್ಬ ಪರೀಕ್ಷಕರು, 11ರಿಂದ 14 ನಿಮಿಷದ ಮಾತು. ಅಲ್ಲೂ ತಡವರಿಕೆಗೆ ಅಂಕ ಹೋಗುತ್ತದೆ. ಆದರೆ ಪದ ಹುಡುಕುತ್ತ ನಿಲ್ಲುವುದು ಬೇರೆ, ವಿಷಯ ಯೋಚಿಸುತ್ತ ನಿಲ್ಲುವುದು ಬೇರೆ ಎಂದು ಅವರ ಮಾನದಂಡವೇ ಬೇರ್ಪಡಿಸುತ್ತದೆ. ನನ್ನಂಥ ನಿಧಾನಸ್ಥರಿಗೆ ಅಷ್ಟು ಸಾಕು.

ಈ ಗೋಜಲಿನಲ್ಲಿ ಎ1ರಿಂದ ಸಿ2ವರೆಗಿನ ಸಿಇಎಫ್‌ಆರ್ (ಭಾಷಾ ಸಾಮರ್ಥ್ಯ ವಿವರಿಸುವ ಯುರೋಪಿನ ಚೌಕಟ್ಟು) ಮಟ್ಟಗಳನ್ನು ಹಿಡಿದುಕೊಂಡು ಎರಡು ಅಂಕಪಟ್ಟಿಗಳನ್ನು ಅಳೆಯಲು ಹೋದೆ. ಐಇಎಲ್‌ಟಿಎಸ್ ಪ್ರಕಾರ 5.5ರಿಂದ 6.5 ಬಿ2, 7ರಿಂದ ಸಿ1. ಪಿಟಿಇ ಪ್ರಕಾರ 59ರಿಂದ 75 ಬಿ2, 76ರಿಂದ ಸಿ1. ಆದರೆ ಪಿಟಿಇಯವರದೇ ಹೋಲಿಕೆ ಪಟ್ಟಿಯಲ್ಲಿ ಐಇಎಲ್‌ಟಿಎಸ್ 7ಕ್ಕೆ ಸಾಟಿಯಾಗಿ ನಿಂತಿರುವುದು 65ರ ಆಸುಪಾಸಿನ ಅಂಕ. ಅಂದರೆ ಅದೇ ಮನುಷ್ಯ, ಅದೇ ಇಂಗ್ಲಿಷು, ಒಂದು ಕಡೆ ಸಿ1, ಇನ್ನೊಂದು ಕಡೆ ಬಿ2. 2001ರಲ್ಲಿ ಯುರೋಪ್ ಪರಿಷತ್ತು ಆ ಚೌಕಟ್ಟನ್ನು ಪ್ರಕಟಿಸಿದ್ದು ಭಾಷೆಯಲ್ಲಿ ಯಾರು ಏನೇನು ಮಾಡಬಲ್ಲರು ಎಂದು ವಿವರಿಸಲು. ಯಾವ ಅಂಕಕ್ಕೆ ಯಾವ ಮಟ್ಟ ಎಂದು ಗುರುತು ಹಾಕಿಕೊಂಡವರು ಆಯಾ ಪರೀಕ್ಷೆಯವರು. ಅಂದಿನಿಂದ ನಾನು ನೋಡುವುದು ಅರ್ಜಿಯಲ್ಲಿ ಕೇಳಿರುವ ಅಂಕವನ್ನು ಮಾತ್ರ.

ಇನ್ನೊಂದು ಇಂಗ್ಲಿಷ್ ಪರೀಕ್ಷೆಯಾದ ಟೋಫೆಲ್ ಬರೆಯಲಿಲ್ಲ, ಅಲ್ಲೂ ಮೈಕೇ ಎಂದು ತಿಳಿದೊಡನೆ ಕೈಬಿಟ್ಟೆ. 2026ರ ಜನವರಿಯಿಂದ ಅದರ ಅಂಕದ ಅಳತೆ 0–120ರಿಂದ 1–6ಕ್ಕೆ ಬದಲಾಗಿದೆ, ಹಳೆಯ ಸಲಹೆಗಳನ್ನು ಓದುವಾಗ ಎಚ್ಚರ. ಡುವೊಲಿಂಗೊ ಪರೀಕ್ಷೆಯನ್ನು ಮನೆಯಲ್ಲೇ ಒಂದು ಗಂಟೆಯಲ್ಲಿ ಬರೆಯಬಹುದು, ಆದರೆ ಪರದೆಯಿಂದ ಕಣ್ಣು ಕೀಳುವಂತಿಲ್ಲ. ಯೋಚಿಸುವಾಗ ಛಾವಣಿ ನೋಡುವ ನನಗೆ ಅದು ಆಗಿಬರುವ ಮಾತಲ್ಲ.

ಕೊನೆಗೆ ಕೈಹಿಡಿದದ್ದು ಐಇಎಲ್‌ಟಿಎಸ್‌ನ ಒನ್ ಸ್ಕಿಲ್ ರೀಟೇಕ್. ಕಂಪ್ಯೂಟರಿನಲ್ಲಿ ಬರೆದವರು 60 ದಿನದೊಳಗೆ ಒಂದೇ ಒಂದು ವಿಭಾಗವನ್ನು ಒಮ್ಮೆ ಮತ್ತೆ ಬರೆಯಬಹುದು. ಪೂರ್ತಿ ಶುಲ್ಕ ಮೂರನೇ ಸಲ ಕಟ್ಟುವ ತಾಕತ್ತು ಜೇಬಿಗೆ ಇರಲಿಲ್ಲ. ಎಲ್ಲರೂ ಇದನ್ನು ಒಪ್ಪುವುದಿಲ್ಲ, ಆದ್ದರಿಂದ ಹಣ ಕಟ್ಟುವ ಮೊದಲು ವಿಶ್ವವಿದ್ಯಾಲಯಕ್ಕೆ ಇಮೇಲ್ ಬರೆದು ಉತ್ತರ ಇಟ್ಟುಕೊಂಡೆ. ಈ ಸಲ 250 ಪದದ ಪ್ರಬಂಧವನ್ನೇ ಮೊದಲು ಬರೆದೆ. 6.5 ಬಂತು. ಸರಾಸರಿ 7.375, ಒಟ್ಟು ಮತ್ತೆ ಅದೇ 7.5. ಅರ್ಜಿ ಮಾತ್ರ ಈ ಸಲ ದಾಟಿತು.