ಟೆಕ್ಸಾಸ್ ರ‍್ಯಾಂಚಿನ ಮಣ್ಣಿನಲ್ಲಿ ಗ್ಯಾರೆಟ್ ಎಟಿ ಪ್ರೊ: ಊರಿಂದ ಬಂದ ಗೆಳೆಯರ ಜೊತೆ ಬಳಸಿ ನೋಡಿದ್ದು

ಹಳೇ ರ‍್ಯಾಂಚುಗಳಲ್ಲಿ (ದನ ಸಾಕುವ ದೊಡ್ಡ ಜಮೀನುಗಳಲ್ಲಿ) ಹುಡುಕಾಡುವುದಕ್ಕೆ ಗ್ಯಾರೆಟ್ ಎಟಿ ಪ್ರೊ ಒಳ್ಳೆಯ ಮೆಟಲ್ ಡಿಟೆಕ್ಟರ್, ಅಂದರೆ ನೆಲದೊಳಗಿನ ಲೋಹವನ್ನು ಸದ್ದಿನಿಂದ ತಿಳಿಸುವ ಯಂತ್ರ. ತುಂಬಾ ಆಳಕ್ಕೆ ಹೋಗುತ್ತದೆ ಅಂತಲ್ಲ, ಇದಕ್ಕಿಂತ ಆಳಕ್ಕೆ ಹೋಗುವ ಯಂತ್ರಗಳು ಈಗ ಬೇಕಾದಷ್ಟು ಸಿಗುತ್ತವೆ. ಇದು ಕಬ್ಬಿಣದ ಸದ್ದನ್ನು ಮುಚ್ಚಿಡದೆ ಕೇಳಿಸುತ್ತದೆ, ರ‍್ಯಾಂಚಿನಲ್ಲಿ ಬೇಕಾಗಿರುವುದು ಅದೇ. ಈ ಹವ್ಯಾಸದ ವಿಡಿಯೊಗಳಲ್ಲಿ ಎಲ್ಲರೂ ಬೆಳ್ಳಿ ನಾಣ್ಯದ ಹಿಂದೆ ಬಿದ್ದಿರುತ್ತಾರೆ, ಕಬ್ಬಿಣ ಅಂದರೆ ಕಸ ಅನ್ನುತ್ತಾರೆ. ಪಾರ್ಕಿನಲ್ಲಿ ಆ ಮಾತು ನಡೆಯುತ್ತದೆ. ಆದರೆ ತಲೆಮಾರುಗಟ್ಟಲೆ ದನ ಮೇಯಿಸಿದ ಜಾಗದಲ್ಲಿ ಜನ ಬಿಟ್ಟುಹೋದದ್ದರಲ್ಲಿ ಹೆಚ್ಚಿನದು ಕಬ್ಬಿಣವೇ: ಲಾಳ, ಮೊಳೆ, ಗಾಡಿಯ ಬೋಲ್ಟು, ಕಡಿವಾಣದ ತುಂಡು, ಒಲೆಯ ಮುಚ್ಚಳ. ಅದನ್ನು ಕಿವಿಯಿಂದ ತೆಗೆದುಹಾಕಿದರೆ ಅಲ್ಲಿ ಯಾರು ಬದುಕಿದ್ದರು ಅನ್ನುವ ಸುಳಿವೇ ಹೋಗಿಬಿಡುತ್ತದೆ.

ನಾವಿರುವುದು ಆಸ್ಟಿನ್‌ನಲ್ಲಿ. ಊರಿಂದ ಯಾರಾದರೂ ಬಂದರೆ ಸ್ಯಾನ್ ಆಂಟೋನಿಯೊದ ಅಲಾಮೊ, ಹ್ಯೂಸ್ಟನ್ನಿನ ನಾಸಾ ತೋರಿಸಿ ಕಳಿಸುವುದು ರೂಢಿ. ಈ ಸಲ ದಾವಣಗೆರೆಯಿಂದ ಗೆಳೆಯ, ಅವನ ಹೆಂಡತಿ ಮತ್ತು ಅವನ ಅಪ್ಪಾಜಿ ಬಂದಿದ್ದರು. ಅಪ್ಪಾಜಿ ಜೀವನವಿಡೀ ಮೆಕ್ಕೆಜೋಳ ಬೆಳೆದವರು, ಮ್ಯೂಸಿಯಂ ಅಂದರೆ ಅಷ್ಟಕ್ಕಷ್ಟೆ. ನನ್ನ ಜೊತೆ ಕೆಲಸ ಮಾಡುವವರೊಬ್ಬರ ಕುಟುಂಬದ ರ‍್ಯಾಂಚ್ ಮೇಸನ್ ಕೌಂಟಿಯಲ್ಲಿದೆ, ಆಸ್ಟಿನ್ನಿಂದ ಕಾರಿನಲ್ಲಿ ಸುಮಾರು ಎರಡು ಗಂಟೆ ದಾರಿ. ಫೆಬ್ರವರಿ ಬೇಕಂತಲೇ ಆರಿಸಿಕೊಂಡದ್ದು. ನವೆಂಬರ್ ಮೊದಲಿಂದ ಜನವರಿ ಮೊದಲ ವಾರದವರೆಗೆ ಜಿಂಕೆ ಬೇಟೆಯ ಕಾಲ, ಬೇಟೆಗಾರರಿಗೆ ಜಾಗ ಬಾಡಿಗೆಗೆ ಕೊಟ್ಟಿರುತ್ತಾರೆ, ಆಗ ಅಲ್ಲಿ ಓಡಾಡಬಾರದು. ಏಪ್ರಿಲ್ ಆಯಿತೋ ಬುಡುಬುಡಿಕೆ ಹಾವುಗಳು (ಬಾಲ ಗಿಲಕಿಯ ಹಾಗೆ ಸದ್ದು ಮಾಡುವ ವಿಷದ ರ‍್ಯಾಟಲ್‌ಸ್ನೇಕ್) ಬಿಸಿಲು ಕಾಯಿಸೋಕೆ ಹೊರಗೆ ಬರುತ್ತವೆ, ಹುಲ್ಲೂ ಮೊಣಕಾಲುದ್ದ ಬೆಳೆದಿರುತ್ತದೆ.

ಮೇಸನ್ ಕಡೆಯ ಮಣ್ಣಿನ ಬಗ್ಗೆ ಹೇಳಲೇಬೇಕು, ಯಾಕಂದರೆ ಡಿಟೆಕ್ಟರಿನ ಪರೀಕ್ಷೆ ನಡೆಯುವುದೇ ಅಲ್ಲಿ. ಒಂದು ಕಡೆ ಸುಣ್ಣಕಲ್ಲಿನ ಬಿಳಿ ನೆಲ. ಕೆಲವೇ ಮೈಲಿ ಆಚೆ ಹೋದರೆ ಗುಲಾಬಿ ಗ್ರಾನೈಟಿನಿಂದ ಉದುರಿದ ಕೆಂಪು ಮಣ್ಣು. ಬಿಳಿ ನೆಲದಲ್ಲಿ ಯಂತ್ರ ತೆಪ್ಪಗಿರುತ್ತದೆ, ಕೆಂಪು ಮಣ್ಣಿಗೆ ಹೋದ ತಕ್ಷಣ ಕುಂಯ್ ಕುಂಯ್ ಶುರು. ಆಗ ಗ್ರೌಂಡ್ ಬ್ಯಾಲೆನ್ಸ್ ಬಟನ್ ಒತ್ತಿ ಹಿಡಿದು, ಕಾಯಿಲನ್ನು (ಯಂತ್ರದ ಕೆಳತುದಿಯಲ್ಲಿ ನೆಲದ ಮೇಲೆ ಬೀಸುವ ತಟ್ಟೆ) ನೆಲದಿಂದ ಮೇಲೆ ಕೆಳಗೆ ನಾಲ್ಕಾರು ಸಲ ಎತ್ತಿ ಇಳಿಸಿದರೆ ಯಂತ್ರ ಆ ಮಣ್ಣಿಗೆ ಒಗ್ಗಿಕೊಂಡು ಸುಮ್ಮನಾಗುತ್ತದೆ. ಅಗ್ಗದ ಯಂತ್ರಗಳಲ್ಲಿ ಈ ಸೌಲಭ್ಯ ಇರುವುದಿಲ್ಲ. ಗ್ಯಾರೆಟ್ಟಿನದೇ ಏಸ್ ಸರಣಿಯ ಚಿಕ್ಕ ಯಂತ್ರಗಳು ಮಕ್ಕಳಿಗೆ, ಪಾರ್ಕಿಗೆ ಚೆನ್ನಾಗಿವೆ, ಆದರೆ ಇಂಥ ಕೆಂಪು ನೆಲಕ್ಕೆ ನಾನು ಅವನ್ನು ಹೇಳುವುದಿಲ್ಲ.

ಈಗ ಸದ್ದಿನ ವಿಷಯ. ಎಟಿ ಪ್ರೊ ಪ್ರತಿ ಲೋಹಕ್ಕೂ 0ಯಿಂದ 99ರ ಒಳಗೆ ಒಂದು ನಂಬರ್ ತೋರಿಸುತ್ತದೆ. ಕೆಳಗಿನ ನಂಬರ್ ಕಬ್ಬಿಣ, 52ರ ಆಸುಪಾಸು ನಿಕ್ಕಲ್ ಅನ್ನುವ ಐದು ಸೆಂಟಿನ ನಾಣ್ಯ (ಸೋಡಾ ಡಬ್ಬಿಯ ರಿಂಗೂ ಅಲ್ಲೇ ಬಂದು ಕೂರುತ್ತದೆ, ಏನು ಮಾಡೋದು), 80 ದಾಟಿದರೆ ತಾಮ್ರ, ಬೆಳ್ಳಿ. ಹೊಸಬರು ನಂಬರನ್ನೇ ನೋಡುತ್ತಾರೆ. ಆದರೆ ಈ ಯಂತ್ರದ ಜೀವ ಇರುವುದು ಕಿವಿಯಲ್ಲಿ. ಪ್ರೊ ಮೋಡಿನಲ್ಲಿ ಇಟ್ಟರೆ ವಸ್ತು ಹತ್ತಿರ ಇದ್ದಾಗ ಜೋರಾಗಿ, ಆಳದಲ್ಲಿದ್ದಾಗ ಮೆಲ್ಲಗೆ ಕೇಳುತ್ತದೆ. ಕಬ್ಬಿಣದ ಮಿತಿಯನ್ನು 40ರವರೆಗೆ ಏರಿಸಬಹುದು, ನಾನು 35ಕ್ಕೆ ಇಟ್ಟು ಐರನ್ ಆಡಿಯೊ ಬಟನ್ ಒತ್ತುತ್ತೇನೆ. ಆಗ 35ಕ್ಕಿಂತ ಕೆಳಗಿನದೆಲ್ಲ ದಪ್ಪ ಗೊಗ್ಗರು ದನಿಯಲ್ಲಿ, ಮಿಕ್ಕದ್ದು ಅದರ ಮೇಲೆ ತೆಳ್ಳಗೆ ಕೇಳುತ್ತದೆ. ಕಬ್ಬಿಣವನ್ನು ಬಾಯಿ ಮುಚ್ಚಿಸುವುದೂ ಇಲ್ಲ, ಅದರ ಗಲಾಟೆಯಲ್ಲಿ ಮಿಕ್ಕದ್ದು ಕಳೆದುಹೋಗುವುದೂ ಇಲ್ಲ. ಅತಿಥಿಗಳಿಗೆ ಸರಳವಾದ ಸ್ಟ್ಯಾಂಡರ್ಡ್ ಮೋಡ್ ಕೊಡಿ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನೇರವಾಗಿ ಪ್ರೊ ಮೋಡ್ ಕೊಡಿ, ನೆಲದ ಮೇಲೆ ಒಂದು ನಾಣ್ಯ, ಒಂದು ಮೊಳೆ ಇಟ್ಟು ಎರಡರ ಸದ್ದು ಕೇಳಿಸಿ. ಹತ್ತು ನಿಮಿಷ ಸಾಕು.

ಹಳೇ ಮನೆಯ ಜಾಗ ಅಂತ ಜಮೀನಿನ ಯಜಮಾನರು ತೋರಿಸಿದ ಕಡೆ ಈಗ ಉಳಿದಿರುವುದು ಸಾಲು ಕಲ್ಲುಗಳು ಮತ್ತು ಒಂದು ಕುಸಿದ ಬಾವಿ, ಅಷ್ಟೆ. ಕಾಯಿಲ್ ಇಟ್ಟ ಕಡೆಯೆಲ್ಲ ಮೊಳೆ. ಮೊಳೆ ಸಿಕ್ಕರೆ ಬೇಸರ ಮಾಡಿಕೊಳ್ಳಬೇಡಿ. ಚೌಕಾಕಾರದ, ತುದಿಗೆ ಹೋಗುತ್ತಾ ಸಣ್ಣಗಾಗುವ ಮೊಳೆ ಆದರೆ ಮನೆ ಬಹುಮಟ್ಟಿಗೆ 1890ಕ್ಕಿಂತ ಹಿಂದಿನದು. ಈಗಿನ ಹಾಗೆ ದುಂಡನೆಯ ತಂತಿ ಮೊಳೆ ಆದರೆ ಆಮೇಲಿನದು. ಇಲ್ಲಿ ಎರಡೂ ಸಿಕ್ಕವು, ಚೌಕದವು ಜಾಸ್ತಿ. ಮುಳ್ಳುತಂತಿಯ ತುಂಡುಗಳಂತೂ ಲೆಕ್ಕವಿಲ್ಲ. ಜೋಸೆಫ್ ಗ್ಲಿಡನ್ ಮುಳ್ಳುತಂತಿಗೆ ಪೇಟೆಂಟ್ ಪಡೆದದ್ದು 1874ರಲ್ಲಿ. ಅದಾದ ಹತ್ತೇ ವರ್ಷದಲ್ಲಿ ಟೆಕ್ಸಾಸ್ ತುಂಬಾ ಬೇಲಿ ಎದ್ದು, ಬೇಲಿ ಕತ್ತರಿಸುವವರ ಜಗಳ ಹತ್ತಿ, 1884ರಲ್ಲಿ ಬೇಲಿ ಕತ್ತರಿಸುವುದೇ ದೊಡ್ಡ ಅಪರಾಧ ಅಂತ ಕಾನೂನು ಬಂತು. ಅಂಥ ಬೇಲಿಯ ತುಂಡು ಕೈಯಲ್ಲಿ ಹಿಡಿದು ಈ ಕಥೆ ಹೇಳಿದರೆ ಕೇಳುವವರ ಮುಖವೇ ಬದಲಾಗುತ್ತದೆ.

ಮೊಳೆಗಳ ಮಧ್ಯೆ ಗೊಗ್ಗರು ದನಿಯ ಜೊತೆ ಆಗಾಗ ಒಂದು ಚುರುಕು ಸದ್ದು ಬರುತ್ತಿತ್ತು. ಅಗಲವಾದ, ಚಪ್ಪಟೆ ಕಬ್ಬಿಣ ಇದ್ದರೆ ಎಟಿ ಪ್ರೊ ಹೀಗೆ ಮೇಲಿನ ನಂಬರಿಗೆ ಹಾರುತ್ತದೆ, ಇದು ಇದರ ಗೊತ್ತಿರುವ ಸ್ವಭಾವ. ನಾಣ್ಯ ಹುಡುಕುವವರು ಇಂಥ ಸದ್ದನ್ನು ಬಿಟ್ಟು ಮುಂದೆ ಹೋಗುತ್ತಾರೆ. ನಾವು ಅಗೆದೆವು. ಅರ್ಧ ಗೇಣು ಆಳದಲ್ಲಿ ತುಕ್ಕು ಹಿಡಿದ ಒಂದು ತಗಡು, ಅರ್ಧಚಂದ್ರದ ಹಾಗೆ ಬಾಗಿದ್ದು, ಒಂದು ತುದಿ ಅಗಲ, ಇನ್ನೊಂದು ಚೂಪು, ಹೊರ ಅಂಚಿನಲ್ಲಿ ಸಾಲಾಗಿ ತೂತು. ಗೆಳೆಯ ಬಾಗಿಲಿನ ಕೀಲು ಇರಬೇಕು ಅಂದ. ಅಪ್ಪಾಜಿ ಕೈಗೆ ತೆಗೆದುಕೊಂಡು, ಹೆಬ್ಬೆರಳಲ್ಲಿ ಮಣ್ಣು ಉಜ್ಜಿ, "ಇದು ಎತ್ತಿನ ಲಾಳ ಐತಲ್ಲೋ ತಮ್ಮಾ!" ಅಂದರು. ಎತ್ತಿನ ಗೊರಸು ಸೀಳಿರುವುದರಿಂದ ಒಂದೊಂದು ಕಾಲಿಗೂ ಎರಡೆರಡು ತುಂಡು ಬೇಕು, ಒಂದು ಎತ್ತಿಗೆ ಎಂಟು. ತಮ್ಮ ಮನೆಯ ಎತ್ತುಗಳಿಗೆ ಲಾಳ ಕಟ್ಟಿಸುವಾಗ ಹಗ್ಗ ಹಾಕಿ ಕೆಡವಿ, ಕಾಲು ಕಟ್ಟಿ, ಮೊಳೆ ಹೊಡೆಯುತ್ತಿದ್ದದ್ದನ್ನು ಅಲ್ಲೇ ಕೂತು ವಿವರಿಸಿದರು. ರೈಲು ಬರುವ ಮುಂಚೆ ಟೆಕ್ಸಾಸಿನಲ್ಲೂ ಸಾಮಾನು ಸಾಗಿಸುತ್ತಿದ್ದದ್ದು ಎತ್ತಿನ ಗಾಡಿಗಳೇ. ಹತ್ತಿರದಲ್ಲೇ 1851ರಲ್ಲಿ ಕಟ್ಟಿದ ಫೋರ್ಟ್ ಮೇಸನ್ ಕೋಟೆ ಇತ್ತು, ಅದಕ್ಕೂ ಸಾಮಾನು ಗಾಡಿಯಲ್ಲೇ ಬರಬೇಕು. ಯಜಮಾನರು ಅಂಥ ತುಂಡುಗಳನ್ನು ಇಷ್ಟು ದಿನ ಎಷ್ಟೋ ಸಲ ನೋಡಿ ಹಳೇ ಕಬ್ಬಿಣ ಅಂತ ಬಿಸಾಡಿದ್ದರಂತೆ. ಅವತ್ತು ಅಪ್ಪಾಜಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು, ಷೆಡ್ಡಿನಲ್ಲಿದ್ದ ತುಕ್ಕು ಡಬ್ಬಿ ಸುರಿದು ಒಂದೊಂದನ್ನೂ ಕೇಳಿದರು, ನಾನು ಮಧ್ಯೆ ಅನುವಾದ ಮಾಡುತ್ತಿದ್ದೆ.

ಗೆಳೆಯನ ಹೆಂಡತಿಗೆ ಸಿಕ್ಕಿದ್ದು ಹಿತ್ತಾಳೆಯ ಒಂದು ತೆಳು ಪಟ್ಟಿ, ಅದರಲ್ಲಿ ಸಾಲಾಗಿ ಹತ್ತು ಸೀಳು, ಕೆಲವು ಸೀಳುಗಳಲ್ಲಿ ಕೂದಲಿನಷ್ಟು ತೆಳುವಾದ ನಾಲಿಗೆ ಇನ್ನೂ ಅಂಟಿಕೊಂಡಿತ್ತು. ಮೌತ್ ಆರ್ಗನ್ನಿನ ಒಳಗಿನ ಪಟ್ಟಿ ಅದು. ಮರದ ಭಾಗ ಗೆದ್ದಲಿಗೆ ಹೋಗಿರುತ್ತದೆ, ಇದೊಂದು ಉಳಿಯುತ್ತದೆ. ಆ ಕಡೆ ಜರ್ಮನ್ ಜನ ಬಂದು ನೆಲೆಸಿದ್ದು 1840ರ ದಶಕದಲ್ಲಿ, ಫ್ರೆಡರಿಕ್ಸ್‌ಬರ್ಗ್ ಊರು ಶುರುವಾದದ್ದು 1846ರಲ್ಲಿ, ಮೌತ್ ಆರ್ಗನ್ ಕೂಡ ಜರ್ಮನಿಯಿಂದಲೇ ಅಮೆರಿಕಕ್ಕೆ ಹಡಗುಗಟ್ಟಲೆ ಬರುತ್ತಿತ್ತು. ಯಂತ್ರದಲ್ಲಿ ನಂಬರ್ 60ಕ್ಕೂ 70ಕ್ಕೂ ನಡುವೆ ಕುಣಿಯುತ್ತಿತ್ತು, ಸುತ್ತ ಮೂರು ಕಡೆ ಮೊಳೆ. ಇಂಥ ಜಾಗಕ್ಕೆ ಯಂತ್ರದ ಜೊತೆ ಬರುವ 8.5×11 ಇಂಚಿನ ಕಾಯಿಲ್ ಸ್ವಲ್ಪ ದೊಡ್ಡದಾಯಿತು. 5×8 ಇಂಚಿನ ಚಿಕ್ಕ ಕಾಯಿಲ್ ಬೇರೆ ಸಿಗುತ್ತದೆ. ಹಳೇ ಮನೆಯ ಜಾಗದಲ್ಲಿ ಹುಡುಕುವುದೇ ನಿಮ್ಮ ಉದ್ದೇಶ ಆದರೆ ಅದನ್ನೂ ತೆಗೆದುಕೊಳ್ಳಿ. ಬಯಲಿಗೆ ದೊಡ್ಡದೇ ಇರಲಿ.

ಬಯಲಿನಲ್ಲಿ ಸಿಕ್ಕಿದ್ದು ಬಹಳ ಕಡಿಮೆ, ಆದರೆ ಒಂದು ಖಾಲಿ ಕಾಡತೂಸು ಮಾತ್ರ ನನಗೆ ಇಡೀ ದಿನದ ಸಂಭ್ರಮ. 80ರ ಆಚೀಚೆ, ಎಲ್ಲ ದಿಕ್ಕಿನಿಂದಲೂ ಒಂದೇ ಸಮನಾದ ಸದ್ದು. ಹಸಿರು ಕಟ್ಟಿದ ತಾಮ್ರದ ಕೇಸು, ಹೆಬ್ಬೆರಳಿಗಿಂತ ಉದ್ದ. ಬುಡವನ್ನು ನೀರಿನಲ್ಲಿ ನೆನೆಸಿ ಮೆಲ್ಲಗೆ ಒರೆಸಿದಾಗ ನಾಲ್ಕು ಗುರುತು ಕಂಡವು: ಆರ್, ಎಫ್, 3, 81. ಆರ್ ಅಂದರೆ ರೈಫಲ್, ಎಫ್ ಅಂದರೆ ಫಿಲಡೆಲ್ಫಿಯಾದ ಫ್ರ್ಯಾಂಕ್‌ಫರ್ಡ್ ಆರ್ಸೆನಲ್ ಅನ್ನುವ ಸೇನೆಯ ಮದ್ದುಗುಂಡು ಕಾರ್ಖಾನೆ, ಮಿಕ್ಕದ್ದು 1881ರ ಮಾರ್ಚ್ ತಿಂಗಳು. ಸೇನೆಯ 45-70 ಅನ್ನುವ ರೈಫಲ್ ಕಾಡತೂಸುಗಳ ಮೇಲೆ 1877ರಿಂದ ಹೀಗೆ ತಿಂಗಳು, ವರ್ಷ ಒತ್ತುತ್ತಿದ್ದರು. ತಾರೀಖು ಹೊತ್ತ ವಸ್ತು ಮಣ್ಣಿನಿಂದ ಬರುವುದು ಅಪರೂಪ. ದಯವಿಟ್ಟು ಬ್ರಷ್ ಹಾಕಿ ಫಳಫಳ ಉಜ್ಜಬೇಡಿ, ಆ ಅಕ್ಷರ ಹೋದರೆ ಹೋಯಿತು.

ಹೊಂಡದಲ್ಲಿ ವಸ್ತುವಿನ ಜಾಗ ಹಿಡಿಯೋಕೆ ಕಿತ್ತಳೆ ಬಣ್ಣದ ಪ್ರೊ ಪಾಯಿಂಟರ್ ಎಟಿ ಅನ್ನುವ ಕೈಯಲ್ಲಿ ಹಿಡಿಯುವ ಚಿಕ್ಕ ಡಿಟೆಕ್ಟರ್ ಕೂಡ ಜೊತೆಗಿತ್ತು. ಗಟ್ಟಿ ಸುಣ್ಣಕಲ್ಲಿನ ನೆಲದಲ್ಲಿ ಇದಿಲ್ಲದೆ ಅಗೆಯಬೇಡಿ, ಗುದ್ದಲಿ ತುದಿ ತಾಗಿ ವಸ್ತು ಹಾಳಾಗುತ್ತದೆ. ಹತ್ತಿರ ಹೋದಷ್ಟೂ ಬೇಗ ಬೇಗ ಅದುರುತ್ತದೆ, ಮಕ್ಕಳಿಗೂ ಒಮ್ಮೆಗೇ ಅರ್ಥವಾಗುತ್ತದೆ.

ಕೊರತೆಗಳೂ ಇವೆ. ತೂಕ ಸುಮಾರು 1.4 ಕಿಲೊ, ಒಂದು ಗಂಟೆ ಬೀಸಿದರೆ ಭುಜ ಹಿಡಿದುಕೊಳ್ಳುತ್ತದೆ. ಅಪ್ಪಾಜಿಯಂಥ ಹಿರಿಯರಿಗೆ ಪಾಯಿಂಟರ್ ಕೊಟ್ಟು ಹೊಂಡದ ಹತ್ತಿರ ಕೂರಿಸುವುದೇ ಒಳ್ಳೆಯದು. ಪರದೆಗೆ ಬೆಳಕಿಲ್ಲ, ಸಂಜೆ ಆದರೆ ನಂಬರ್ ಕಾಣುವುದಿಲ್ಲ. ಸದ್ದು ಕಡಿಮೆ ಮಾಡುವ ಬಟನ್ನೂ ಇಲ್ಲ. ಹೆಡ್‌ಫೋನಿನ ಪಿನ್ ಇವರದೇ ಬೇರೆ, ನಿಮ್ಮ ಹತ್ತಿರ ಇರುವ ಹೆಡ್‌ಫೋನ್ ಹಾಕಬೇಕಂದರೆ ಅಡಾಪ್ಟರ್ ಕೊಳ್ಳಬೇಕು. ಒಂದೇ ಫ್ರೀಕ್ವೆನ್ಸಿ, 15 ಕಿಲೊಹರ್ಟ್ಸ್, ಹಾಗಾಗಿ ಗ್ಯಾಲ್ವೆಸ್ಟನ್ ಸಮುದ್ರದ ಒದ್ದೆ ಉಪ್ಪು ಮರಳಿಗೆ ಇದು ಹೇಳಿದ್ದಲ್ಲ. ಅಲ್ಲಿಗೆ 2018ರಲ್ಲಿ ಬಂದ ಮೈನ್‌ಲ್ಯಾಬ್ ಈಕ್ವಿನಾಕ್ಸ್ ತರಹದ ಬಹು ಫ್ರೀಕ್ವೆನ್ಸಿ ಯಂತ್ರ ಬೇಕು. ಮೂರು ಮೀಟರ್ ನೀರಿನವರೆಗೆ ಮುಳುಗಿಸಬಹುದು ಅನ್ನುವುದು ಎಟಿ ಪ್ರೊದ ದೊಡ್ಡ ಗುಣ, ದನಗಳಿಗೆ ನೀರು ನಿಲ್ಲಿಸಿದ ಕಟ್ಟೆಗಳ ಅಂಚಿನಲ್ಲಿ ಚೆನ್ನಾಗಿ ಉಪಯೋಗಕ್ಕೆ ಬಂತು. ಆದರೆ ನದಿಗೆ ಇಳಿಯಬೇಡಿ. ಟೆಕ್ಸಾಸಿನಲ್ಲಿ ದೊಡ್ಡ ನದಿಗಳ ಪಾತ್ರ ಸರ್ಕಾರದ್ದು, ದಡ ಯಾರದ್ದೇ ಆಗಿರಲಿ.

ಅನುಮತಿಯ ವಿಷಯ ಯಂತ್ರಕ್ಕಿಂತ ಮುಖ್ಯ. ಟೆಕ್ಸಾಸಿನ ನೆಲದಲ್ಲಿ ಶೇಕಡ 90ಕ್ಕೂ ಜಾಸ್ತಿ ಖಾಸಗಿಯವರದ್ದು. ಮರಕ್ಕೋ ಕಂಬಕ್ಕೋ ನೇರಳೆ ಬಣ್ಣದ ಉದ್ದ ಗೆರೆ ಬಳಿದಿದ್ದರೆ ಒಳಗೆ ಬರಬೇಡ ಅಂತ ಅರ್ಥ, ಬೋರ್ಡ್ ಇಲ್ಲದಿದ್ದರೂ ಕಾನೂನು ಅದನ್ನು ಒಪ್ಪುತ್ತದೆ. ಕೇಂದ್ರ ಸರ್ಕಾರದ ಜಾಗದಲ್ಲಿ ನೂರು ವರ್ಷಕ್ಕಿಂತ ಹಳೆಯ ವಸ್ತು ಅಗೆದು ತೆಗೆಯುವುದು 1979ರ ಕಾಯ್ದೆ ಪ್ರಕಾರ ಅಪರಾಧ, ರಾಜ್ಯದ ಪಾರ್ಕುಗಳಲ್ಲೂ ಬಿಡುವುದಿಲ್ಲ. ಯಜಮಾನರ ಹತ್ತಿರ ಮೊದಲೇ ಮಾತಾಡಿ, ಸಿಕ್ಕಿದ್ದೆಲ್ಲ ಸಂಜೆ ಮೇಜಿನ ಮೇಲೆ ಇಡುತ್ತೇವೆ, ನೀವು ಕೊಟ್ಟದ್ದು ಮಾತ್ರ ನಮ್ಮದು ಅಂತ ಒಪ್ಪಿಕೊಳ್ಳಿ. ಹೊಂಡ ಮುಚ್ಚಿ, ಹುಲ್ಲಿನ ಹೆಂಟೆ ಮೊದಲಿದ್ದ ಹಾಗೆ ಕೂರಿಸಿ ತುಳಿಯಿರಿ. ತೆರೆದ ಹೊಂಡದಲ್ಲಿ ದನದ ಕಾಲು ಮುರಿಯುತ್ತದೆ.

ಗೆಳೆಯ ವಾಪಸ್ ಹೊರಡುವಾಗ ಇಂಥ ಯಂತ್ರ ಒಂದನ್ನು ಊರಿಗೆ ಒಯ್ಯಲಾ ಅಂತ ಕೇಳಿದ. ಬೇಡ ಅಂದೆ. ಭಾರತದಲ್ಲಿ 1878ರಿಂದಲೇ ನಿಧಿ ಕಾಯ್ದೆ ಇದೆ, ಹತ್ತು ರೂಪಾಯಿಗಿಂತ ಜಾಸ್ತಿ ಬೆಲೆಯದ್ದು ಸಿಕ್ಕರೂ ಜಿಲ್ಲಾಧಿಕಾರಿಗೆ ತಿಳಿಸಬೇಕು ಅನ್ನುತ್ತದೆ ಅದು. ಕಾನೂನು ಬಿಡಿ, 2019ರ ಜುಲೈಯಲ್ಲಿ ಆನೆಗೊಂದಿ ಹತ್ತಿರದ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನೇ ನಿಧಿಗಳ್ಳರು ಒಡೆದು ಹಾಕಿದರು. ಅದನ್ನು ನೋಡಿದ ಮೇಲೆ ನಮ್ಮ ಕಡೆಯ ಹಳೇ ಗುಡಿ, ಹಳೇ ಕೋಟೆಯ ಸುತ್ತ ಯಾರ ಕೈಯಲ್ಲೂ ಇಂಥ ಯಂತ್ರ ಇರುವುದು ನನಗೆ ಇಷ್ಟವಿಲ್ಲ. ಇನ್ನೊಂದು, ಖಾಲಿ ಕಾಡತೂಸನ್ನು ನೆನಪಿಗೆ ಅಂತ ಸೂಟ್‌ಕೇಸಿನಲ್ಲಿ ಹಾಕಿಕೊಳ್ಳಲು ಅತಿಥಿಗಳಿಗೆ ಬಿಡಬೇಡಿ. ಭಾರತದ ವಿಮಾನ ನಿಲ್ದಾಣಗಳಲ್ಲಿ ಅದು ಶಸ್ತ್ರಾಸ್ತ್ರ ಕಾಯ್ದೆಯ ತಲೆನೋವು. ಫೋಟೊ ಸಾಕು. ಎತ್ತಿನ ಲಾಳವನ್ನು ಯಜಮಾನರೇ ಅಪ್ಪಾಜಿಗೆ ಕೊಟ್ಟರು, ಅದು ಚೆಕ್ ಇನ್ ಬ್ಯಾಗಿನಲ್ಲಿ ಆರಾಮಾಗಿ ಹೋಯಿತು.

ಬೆಲೆ ಹೊಸದಕ್ಕೆ ಸುಮಾರು 600 ಡಾಲರ್, ಪಾಯಿಂಟರ್ ಬೇರೆ. ಎಟಿ ಪ್ರೊ ಮಾರುಕಟ್ಟೆಗೆ ಬಂದು ಬಹಳ ವರ್ಷ ಆಗಿರುವುದರಿಂದ ಸೆಕೆಂಡ್ ಹ್ಯಾಂಡ್ ಸುಲಭವಾಗಿ ಸಿಗುತ್ತದೆ, ವರ್ಷಕ್ಕೊಮ್ಮೆ ಅತಿಥಿಗಳ ಜೊತೆ ಹೋಗುವವರಿಗೆ ಅದೇ ಸಾಕು. ಕೊಳ್ಳುವ ಮುಂಚೆ ನಾಲ್ಕು ಎಎ ಸೆಲ್ ಹಾಕಿ ನೋಡಿ, ಸೆಲ್ ಜಾಗದ ರಬ್ಬರ್ ರಿಂಗ್ ಬಿರಿದಿದೆಯಾ ನೋಡಿ, ಕಾಯಿಲಿನ ಕೇಬಲ್ ಅಲ್ಲಾಡಿಸಿದಾಗ ಸುಮ್ನೆ ಸದ್ದು ಬಂದರೆ ಬಿಟ್ಟುಬಿಡಿ. ಕಾಯಿಲಿನ ಕವರ್ ತೆಗೆದು ಒಳಗೆ ತುಂಬಿರುವ ಮಣ್ಣನ್ನೂ ತೊಳೆಯಿರಿ, ಕೆಂಪು ಮಣ್ಣು ಅಲ್ಲಿ ಕೂತಿದ್ದರೆ ಯಂತ್ರ ನೆಲದಲ್ಲಿ ಏನೂ ಇಲ್ಲದಿದ್ದರೂ ಕೂಗುತ್ತಲೇ ಇರುತ್ತದೆ.