ಗೋಲ್ ಸೀಕ್, ಪೈಥಾನ್, ಡಿಡಬ್ಲ್ಯೂಸಿಮ್: ಕೆಮಿಕಲ್ ಎಂಜಿನಿಯರಿಂಗ್ ಲೆಕ್ಕಕ್ಕೆ ಯಾವುದು?

ಥರ್ಮೋಡೈನಮಿಕ್ಸ್, ರಿಯಾಕ್ಷನ್ ಎಂಜಿನಿಯರಿಂಗ್, ಮಾಸ್ ಟ್ರಾನ್ಸ್‌ಫರ್, ಈ ಮೂರರ ಅಸೈನ್‌ಮೆಂಟಿಗೂ ನನ್ನ ಓಟು ಪೈಥಾನ್‌ಗೆ. ಎಕ್ಸೆಲ್ ಮೇಲೆ ನಂಬಿಕೆ ಕಮ್ಮಿಯಾಗಲು ಕಾರಣ ಒಂದೇ: ಗೋಲ್ ಸೀಕ್, ಅಂದರೆ ಒಂದು ಸೆಲ್‌ನ ಸೂತ್ರಕ್ಕೆ ಬೇಕಾದ ಬೆಲೆ ಬರುವವರೆಗೆ ಇನ್ನೊಂದು ಸೆಲ್‌ನ ಸಂಖ್ಯೆಯನ್ನು ಬದಲಿಸುತ್ತಾ ಹುಡುಕುವ ಎಕ್ಸೆಲ್ ಸೌಲಭ್ಯ.

300 ಕೆಲ್ವಿನ್, 10 ಬಾರ್‌ನಲ್ಲಿ ಕಾರ್ಬನ್ ಡೈಆಕ್ಸೈಡ್‌ನ ಮೋಲಾರ್ ಗಾತ್ರವನ್ನು (ಒಂದು ಮೋಲ್‌ನ ಗಾತ್ರ) ನೈಜ ಅನಿಲಗಳ ವ್ಯಾನ್ ಡರ್ ವಾಲ್ಸ್ ಸಮೀಕರಣದಿಂದ ತೆಗೆಯಬೇಕು ಎನ್ನಿ. ಗಾತ್ರದ ಘನಕ್ಕೆ ಒತ್ತಡವೇ ಗುಣಾಂಕವಾಗುವಂತೆ ಬಿಡಿಸಿ, ಪ್ಯಾಸ್ಕಲ್ ಮತ್ತು ಘನ ಮೀಟರ್‌ನಲ್ಲಿ ಬರೆದು, ಆದರ್ಶ ಅನಿಲದ 0.002494 ಅನ್ನು ಮೊದಲ ಊಹೆಯಾಗಿ ಕೊಡಿ. ಸೊನ್ನೆಯಾಗಬೇಕಾದ ಸೆಲ್‌ನಲ್ಲಿ ಆಗಲೇ ಸುಮಾರು 0.0006 ಇರುತ್ತದೆ. ಗೋಲ್ ಸೀಕ್ ಮಾಮೂಲಿಯಾಗಿ ಒಪ್ಪುವ ವ್ಯತ್ಯಾಸ 0.001. ಅಲ್ಲಿಗೆ ಮುಗಿಯಿತು! ನೀವು ಕೊಟ್ಟ ಊಹೆಯನ್ನೇ ಉತ್ತರವೆಂದು ತೋರಿಸಿ ನಿಲ್ಲುತ್ತದೆ. ಸಮೀಕರಣದ ಸರಿಯಾದ ಬೇರು, ಅಂದರೆ ನಿಜವಾದ ಉತ್ತರ, 0.002387, ಅಂದರೆ ಶೇ. 4.5ರಷ್ಟು ತಪ್ಪು. ಎರರ್ ಬರುವುದಿಲ್ಲ, ಸಂಖ್ಯೆಯೂ ನಂಬುವಂತಿರುತ್ತದೆ, ಅಪಾಯ ಇರುವುದೇ ಅಲ್ಲಿ.

ಈ 0.001 ಅನ್ನು ಫಾರ್ಮುಲಾ ಆಪ್ಷನ್ಸ್‌ನ ಮ್ಯಾಕ್ಸಿಮಮ್ ಚೇಂಜ್‌ನಲ್ಲಿ ಇಳಿಸಬಹುದು. ಆದರೆ ಮೊದಲು ತೆರೆದ ಫೈಲಿನ ಸೆಟ್ಟಿಂಗೇ ಆಮೇಲೆ ತೆರೆದವಕ್ಕೂ ಅನ್ವಯವಾಗುವುದರಿಂದ ಅದನ್ನು ನೆಚ್ಚಬೇಡಿ. ಸೆಲ್‌ನಲ್ಲಿರುವ ಇಡೀ ಸೂತ್ರವನ್ನೇ 10 ಲಕ್ಷದಿಂದ ಗುಣಿಸಿ. ಆಗ 0.0006 ಇದ್ದದ್ದು 600 ದಾಟುತ್ತದೆ, ಹುಡುಕಾಟ ನಿಜಕ್ಕೂ ಶುರುವಾಗುತ್ತದೆ.

ಪೈಥಾನ್‌ನಲ್ಲಿ ಇದೇ ಸಮೀಕರಣವನ್ನು ಸಂಪೀಡ್ಯತಾ ಗುಣಾಂಕದಲ್ಲಿ (ನಿಜ ಗಾತ್ರಕ್ಕೂ ಆದರ್ಶ ಅನಿಲದ ಗಾತ್ರಕ್ಕೂ ಇರುವ ಅನುಪಾತ) ಬರೆದು, ಗಣಿತದ ಲೈಬ್ರರಿ ನಮ್‌ಪೈನ ರೂಟ್ಸ್ ಫಂಕ್ಷನ್‌ಗೆ ಕೊಟ್ಟರೆ ಊಹೆಯೇ ಬೇಡ, ಮೂರೂ ಬೇರುಗಳು ಒಟ್ಟಿಗೆ ಬರುತ್ತವೆ. ಮೂರೂ ನೈಜವಾದರೆ ದೊಡ್ಡದು ಆವಿಯದು, ಚಿಕ್ಕದು ದ್ರವದ್ದು, ನಡುವಿನದನ್ನು ಬಿಟ್ಟುಬಿಡಿ. ಬಹುಪದಿ ಅಲ್ಲದ ಸಮೀಕರಣಕ್ಕೆ ಇನ್ನೊಂದು ಲೈಬ್ರರಿ ಸೈಪೈನಲ್ಲಿ ಬೇರು ಹುಡುಕುವ ಬ್ರೆಂಟ್‌ಕ್ಯೂ ಇದೆ. ಕೊಟ್ಟ ಎರಡು ತುದಿಗಳಲ್ಲಿ ಚಿಹ್ನೆ ಬದಲಾಗದಿದ್ದರೆ ಅದು ಲೆಕ್ಕ ಮಾಡಲು ಒಪ್ಪುವುದೇ ಇಲ್ಲ, ನನಗೆ ಬೇಕಾದದ್ದೂ ಅದೇ. ರಿಯಾಕ್ಟರ್ ಲೆಕ್ಕದಲ್ಲಿ ಒಂದು ಕ್ರಿಯೆ ತೀರಾ ವೇಗ, ಇನ್ನೊಂದು ತೀರಾ ನಿಧಾನವಾಗಿದ್ದರೆ ಅವಕಲ ಸಮೀಕರಣ ಬಿಡಿಸುವ ಸೈಪೈನ ಸಾಲ್ವ್ ಐವಿಪಿಯಲ್ಲಿ ಮಾಮೂಲಿ ವಿಧಾನವಾದ ಆರ್‌ಕೆ45 ತೆವಳುತ್ತದೆ, ಇಂಥ ಲೆಕ್ಕಕ್ಕೆಂದೇ ಇರುವ ಬಿಡಿಎಫ್ ವಿಧಾನಕ್ಕೆ ಬದಲಿಸಿ. ಯೂನಿಟ್ ತಪ್ಪಿದರೆ ಮಾತ್ರ ಪೈಥಾನ್ ಕೂಡ ಕಾಪಾಡುವುದಿಲ್ಲ.

ಡಿಡಬ್ಲ್ಯೂಸಿಮ್ ರಾಸಾಯನಿಕ ಘಟಕಗಳನ್ನು ಕಂಪ್ಯೂಟರ್‌ನಲ್ಲಿ ಅನುಕರಿಸುವ ಸಾಫ್ಟ್‌ವೇರ್. ಉಚಿತ, ಪೂರ್ತಿ ಫ್ಲೋಶೀಟ್‌ಗೆ (ಉಪಕರಣಗಳನ್ನು ಜೋಡಿಸಿದ ಇಡೀ ಪ್ರಕ್ರಿಯೆಯ ನಕ್ಷೆ) ಒಳ್ಳೆಯದು. ಪ್ರಾಪರ್ಟಿ ಪ್ಯಾಕೇಜ್, ಅಂದರೆ ಮಿಶ್ರಣದ ಗುಣಗಳನ್ನು ಲೆಕ್ಕ ಹಾಕುವ ಮಾದರಿ, ಆರಿಸುವಾಗ ಎಚ್ಚರ: ಎಥನಾಲ್-ನೀರಿಗೆ ಪೆಂಗ್-ರಾಬಿನ್ಸನ್ ಬೇಡ, ಎನ್‌ಆರ್‌ಟಿಎಲ್ ಹಾಕಿ. ತೂಕದಲ್ಲಿ ಶೇ. 95.6 ಎಥನಾಲ್ ಬಳಿಯ ಅಜಿಯೋಟ್ರೋಪ್ (ಆವಿ, ದ್ರವ ಎರಡರ ಸಂಯೋಜನೆಯೂ ಒಂದೇ ಆಗುವ ಬಿಂದು) ಲೆಕ್ಕದಲ್ಲಿ ತಪ್ಪಿಹೋದರೆ ಡಿಸ್ಟಿಲೇಷನ್ ಕಾಲಮ್ ಡಿಸೈನ್‌ಗೆ ಅರ್ಥವಿಲ್ಲ. ರಿಸೈಕಲ್ (ಹಿಂದಕ್ಕೆ ಮರಳಿಸುವ ಹರಿವು) ಇರುವ ಲೆಕ್ಕ ಒಂದು ಉತ್ತರಕ್ಕೆ ಬಂದು ನಿಲ್ಲದಿದ್ದರೆ, ಸಾಫ್ಟ್‌ವೇರನ್ನು ಬೈಯುವ ಮೊದಲು ಪರ್ಜ್, ಅಂದರೆ ಸ್ವಲ್ಪ ಹೊರಬಿಡುವ ದಾರಿ, ಇದೆಯೇ ನೋಡಿ. ಜಡ ಅನಿಲಕ್ಕೆ ಹೊರದಾರಿಯೇ ಇಲ್ಲದಿದ್ದರೆ ಅದು ಸುತ್ತು ಸುತ್ತಿಗೂ ಶೇಖರವಾಗುತ್ತಲೇ ಇರುತ್ತದೆ.

ಖರ್ಚು ಮಾಡಲು ಮನಸ್ಸಿಲ್ಲ, ಬರೆದ ಫಂಕ್ಷನ್‌ ಮುಂದಿನ ಸೆಮಿಸ್ಟರಿಗೂ ಬೇಕು ಎನ್ನುವ ನನ್ನಂಥವರಿಗೆ ಪೈಥಾನೇ ಸರಿ. ಲ್ಯಾಬ್ ರೀಡಿಂಗ್‌ಗಳ ಪಟ್ಟಿ ಮತ್ತು ಗ್ರಾಫ್‌ಗೆ ಈಗಲೂ ಎಕ್ಸೆಲ್ ತೆರೆಯುತ್ತೇನೆ, ಗೋಲ್ ಸೀಕ್ ಮುಟ್ಟುವುದಿಲ್ಲ.