ಹಳೆಯ ಮಾಜ್ದಾ ಎಂಎಕ್ಸ್-5: ಬಣ್ಣಕ್ಕಿಂತ ಮೊದಲು ಮುಂದಿನ ಚಾಸಿ ರೈಲ್ ನೋಡಿ

ಮಾಜ್ದಾದ ಎರಡು ಸೀಟಿನ ಓಪನ್ ಸ್ಪೋರ್ಟ್ಸ್ ಕಾರು ಎಂಎಕ್ಸ್-5ರ ಇಂಜಿನ್ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. 1989ರಲ್ಲಿ ಬಂದ ಮೊದಲ ಪೀಳಿಗೆಯ ಎನ್‌ಎ ಇರಲಿ, 1998ರಿಂದ 2005ರವರೆಗಿನ ಎರಡನೇ ಪೀಳಿಗೆಯ ಎನ್‌ಬಿ ಇರಲಿ, ಆಯಿಲ್, ಕೂಲೆಂಟ್, ಟೈಮಿಂಗ್ ಬೆಲ್ಟ್ ಸರಿಯಾಗಿ ನೋಡಿಕೊಂಡರೆ 1.6 ಮತ್ತು 1.8 ಲೀಟರ್ ಇಂಜಿನ್‌ಗಳು ವರ್ಷಗಟ್ಟಲೆ ಓಡುತ್ತವೆ. ಈ ಕಾರುಗಳನ್ನು ಗುಜರಿಗೆ ಕಳಿಸುವುದು ತುಕ್ಕು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಬ್ರಿಟನ್‌ನಂಥ ದೇಶಗಳಲ್ಲಿ ಓಡಿದ ಕಾರಾದರೆ ಎಲ್ಲಕ್ಕಿಂತ ಮೊದಲು ಬಾಡಿಯ ಅಡಿಭಾಗ ನೋಡಬೇಕು. ಇಂಜಿನ್ ಆಮೇಲೆ.

ಇದಕ್ಕೆ ಪ್ರತ್ಯೇಕ ಚಾಸಿ ಇಲ್ಲ, ಬಾಡಿಯೇ ಚಾಸಿ. ಗೇರ್‌ಬಾಕ್ಸ್‌ನಿಂದ ಹಿಂಚಕ್ರಗಳ ನಡುವಿನ ಡಿಫರೆನ್ಷಿಯಲ್‌ವರೆಗೆ ಉದ್ದಕ್ಕೆ ಕಾಣುವ ಅಲ್ಯೂಮಿನಿಯಂ ಚೌಕಟ್ಟನ್ನು ಹಲವರು ಚಾಸಿ ಅಂದುಕೊಳ್ಳುತ್ತಾರೆ. ಅದು ಅವೆರಡನ್ನು ಜೋಡಿಸಿ ಹಿಡಿಯುವ ಭಾಗ ಮಾತ್ರ. ಅದರ ಕೆಳಗೆ ಜಾಕ್ ಕೊಟ್ಟು ಕಾರು ಎತ್ತಲೇಬಾರದು. ಮೇಲೆ ಗಟ್ಟಿ ಛಾವಣಿ ಇಲ್ಲದ್ದರಿಂದ ಕಾರು ನಡುವೆ ಬಾಗದಂತೆ ತಡೆಯುವ ಭಾರವೆಲ್ಲ ಎರಡು ಸಿಲ್‌ಗಳ (ಬಾಗಿಲ ಕೆಳಗೆ ಉದ್ದಕ್ಕೂ ಇರುವ ಪೊಳ್ಳು ತೊಲೆಗಳು) ಮೇಲೆ, ಸೀಟುಗಳ ನಡುವೆ ಉಬ್ಬಿರುವ ಟನೆಲ್ ಮೇಲೆ ಬೀಳುತ್ತದೆ. ಮಾಮೂಲಿ ಕಾರಿನಲ್ಲಿ ಸಿಲ್ ಕೊಳೆತರೆ ಅಂದ ಹೋಯಿತು, ಸ್ವಲ್ಪ ಬಲವೂ ಹೋಯಿತು ಅನ್ನಬಹುದು. ಇಲ್ಲಿ ಬಾಗಿಲೇ ಸರಿಯಾಗಿ ಕೂರುವುದಿಲ್ಲ.

ಸಿಲ್ ಕೊಳೆಯುವುದು ಸಾಮಾನ್ಯವಾಗಿ ಹಿಂದಿನ ತುದಿಯಿಂದ, ಹಿಂಚಕ್ರದ ಮುಂದಿನ ಒಂದಡಿ ಜಾಗದಲ್ಲಿ. ಕಾರಣ ಟಾಪಿನ, ಅಂದರೆ ಮಡಚುವ ಬಟ್ಟೆ ಛಾವಣಿಯ ನೀರು. ಬಟ್ಟೆಯ ಟಾಪಿನ ಹಿಂಬದಿಗೆ ಇಳಿದ ಮಳೆನೀರು ಸೀಟಿನ ಹಿಂದೆ ಬೆಲ್ಟ್ ಹಿಡಿದಿರುವ ಸೀಟ್ ಬೆಲ್ಟ್ ಗೋಪುರದ ಹಿಂದೆ ಎರಡೂ ಬದಿ ಇರುವ ಡ್ರೈನ್ ರಂಧ್ರಕ್ಕೆ ಹರಿದು, ಪೈಪಿನ ಮೂಲಕ ಹಿಂಚಕ್ರದ ಮುಂದೆ ಕೆಳಗೆ ಬೀಳಬೇಕು. ಎಲೆ, ಮಣ್ಣು, ಟಾಪಿನ ನೂಲು ಸೇರಿ ಆ ರಂಧ್ರ ಕಟ್ಟಿಕೊಂಡರೆ ನೀರು ಉಕ್ಕಿ ಕಾರ್ಪೆಟ್‌ಗೂ ಸಿಲ್ ಒಳಗೂ ಇಳಿಯುತ್ತದೆ. ಹೊರಗೆ ಬಣ್ಣ ಗುಳ್ಳೆ ಎದ್ದಾಗ ಒಳಪದರ ಆಗಲೇ ಹೋಗಿರುತ್ತದೆ. ಪರೀಕ್ಷೆ ಸುಲಭ: ಪ್ರತಿ ಬದಿಯ ಡ್ರೈನ್‌ಗೆ ಅರ್ಧ ಲೀಟರ್ ನೀರು ನಿಧಾನವಾಗಿ ಹಾಕಿ. ಕೆಳಗೆ ಧಾರೆಯಾಗಿ ಬಂದರೆ ಸರಿ. ತೊಟ್ಟಿಕ್ಕಿದರೆ ಕಟ್ಟಿಕೊಂಡಿದೆ. ಹಾಕಿದ್ದಕ್ಕಿಂತ ಕಡಿಮೆ ಬಂದರೆ ಉಳಿದದ್ದು ಎಲ್ಲಿಗೆ ಹೋಯಿತೆಂದು ಸೀಟಿನ ಹಿಂದೆ ಕಾರ್ಪೆಟ್ ಮುಟ್ಟಿ ನೋಡಿ. ಸ್ವಚ್ಛ ಮಾಡಲು ಗಟ್ಟಿ ತಂತಿ ಬೇಡ, ಪೈಪ್ ತೂತಾಗುತ್ತದೆ. ಹುಲ್ಲು ಕತ್ತರಿಸುವ ಯಂತ್ರದ ದಪ್ಪ ನೈಲಾನ್ ದಾರ ಸಾಕು.

ಪುಟ್ಟಿ ಹಾಕಿ ಮುಚ್ಚಿದ ಸಿಲ್ ಹಿಡಿಯಲು ತೆಳು ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ ಸಾಕು. ಬಾಗಿಲ ಕೆಳಗಿನಿಂದ ಹಿಂಚಕ್ರದ ಕಡೆಗೆ ಜಾರಿಸುತ್ತಾ ಹೋದಾಗ ಹಿಡಿತ ಸಡಿಲವಾದಲ್ಲಿ ತಗಡಿಲ್ಲ.

ಇಷ್ಟಾದರೂ ಸಿಲ್ ತುಕ್ಕಿಗೆ ಹೆದರಿ ಕಾರು ಬಿಡಬೇಕಿಲ್ಲ. ಅದು ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ, ರಿಪೇರಿ ತಗಡುಗಳೂ ಸಿದ್ಧವಾಗಿ ಸಿಗುತ್ತವೆ. ಆದರೆ ಕೆಲಸದ ಕ್ರಮ ತಪ್ಪಬಾರದು. ಕತ್ತರಿಸುವ ಮೊದಲು ಬಾಗಿಲ ಸಂದನ್ನು ಮೇಲೆ, ನಡುವೆ, ಕೆಳಗೆ ಅಳೆದು ಬರೆದಿಟ್ಟುಕೊಳ್ಳಿ. ಬಾಗಿಲ ಚೌಕಟ್ಟಿಗೆ ಅಡ್ಡ ಪೈಪ್ ಬಿಗಿಯಿರಿ. ಕಾರಿನ ಭಾರ ಸಸ್ಪೆನ್ಷನ್ ಹತ್ತಿರ ಕೂರಲಿ, ನಡುವೆ ಎತ್ತಿ ನಿಲ್ಲಿಸಬೇಡಿ. ಒಮ್ಮೆಗೆ ಒಂದೇ ಬದಿ. ಒಳಪದರ ಕೊಳೆತಿದ್ದರೆ ಗಟ್ಟಿ ಲೋಹ ಸಿಗುವವರೆಗೂ ಕತ್ತರಿಸಿ, ಮೊದಲು ಅದನ್ನು ಸರಿಮಾಡಿ, ಆಮೇಲೆ ಹೊರಪದರ ಕೂರಿಸಿ. 1.2 ಮಿ.ಮೀ. ತಗಡು, ಪ್ಲಗ್ ವೆಲ್ಡ್‌ಗೆ (ಮೇಲಿನ ತಗಡಿನ ತೂತಿನ ಮೂಲಕ ಕೆಳಗಿನದಕ್ಕೆ ಬೆಸೆಯುವುದು) 8 ಮಿ.ಮೀ. ತೂತು, ಉದ್ದದ ವೆಲ್ಡ್‌ನಲ್ಲಿ ಒಂದು ಸಲಕ್ಕೆ 20–25 ಮಿ.ಮೀ. ಮಾತ್ರ, ಮುಂದಿನ ತುಂಡು ದೂರದಲ್ಲಿ. ಒಂದೇ ಸಮನೆ ಎಳೆದರೆ ಶಾಖಕ್ಕೆ ತಗಡು ಸೊಟ್ಟಗಾಗಿ ಬಾಗಿಲ ಸಂದು ಕೆಡುತ್ತದೆ. ಹಳೆಯ ಸಿಲ್ ಮೇಲೆ ಹೊಸ ತಗಡಿನ ಮುಚ್ಚಳ ಹೊದಿಸಿದ ಕಾರು ಕಂಡರೆ ರಿಪೇರಿ ಆಗಿದೆ ಅಂತ ಲೆಕ್ಕ ಹಿಡಿಯಬೇಡಿ. ಒಳಗಿನ ಕೊಳೆತ ಹಾಗೇ ಇದೆ, ಮುಂದಿನವರಿಗೆ ಕೆಲಸ ಎರಡರಷ್ಟಾಗಿದೆ.

ನಿಜವಾದ ಆತಂಕ ಎನ್‌ಬಿಯ ಮುಂದಿನ ಚಾಸಿ ರೈಲ್‌ಗಳದು. ಹೆಸರು ಚಾಸಿ ರೈಲ್ ಆದರೂ ಇವು ಇಂಜಿನ್‌ನ ಎರಡೂ ಬದಿ ಮುಂದಕ್ಕೆ ಚಾಚಿದ, ಬಾಡಿಗೇ ಬೆಸೆದ ತೊಲೆಗಳು. ಎನ್‌ಎಯಲ್ಲಿ ಇವು ಸರಳ ಪೆಟ್ಟಿಗೆಯಂತಿವೆ, ಇಷ್ಟು ವರ್ಷ ಕಳೆದರೂ ಸಾಮಾನ್ಯವಾಗಿ ಗಟ್ಟಿಯಾಗಿವೆ. ಎನ್‌ಬಿಯಲ್ಲಿ ಬಲ ಹೆಚ್ಚಿಸಲು ಒಳಗೆ ಇನ್ನೊಂದು ಪದರ ಸೇರಿತು. ಎರಡು ಪದರಗಳ ನಡುವಿನ ಕಿರಿದಾದ ಸಂದಿಗೆ ಬಣ್ಣ ತಲುಪುವುದಿಲ್ಲ, ಉಪ್ಪುನೀರು ತಲುಪುತ್ತದೆ, ಹೊಕ್ಕ ನೀರು ಬೇಗ ಒಣಗುವುದೂ ಇಲ್ಲ. ಬಾನೆಟ್ ಎತ್ತಿ ಮೇಲಿನಿಂದ ನೋಡಿದರೆ ಹೊಸದರಂತೆ ಹೊಳೆಯುತ್ತಿರುತ್ತದೆ. ಎರಡನೇ ಪೀಳಿಗೆಯೇ ಹೊಸದು, ಅದೇ ಕಡಿಮೆ ತುಕ್ಕಿನದು ಎಂದು ನಂಬಿ ಕೊಂಡವರು ಮೋಸಹೋಗುವುದು ಇಲ್ಲೇ.

ನೋಡುವ ವಿಧಾನ ಹೀಗೆ. ಕೆಳಗಿನ ಪ್ಲಾಸ್ಟಿಕ್ ಟ್ರೇ ಬಿಚ್ಚಿ, 10 ಮಿ.ಮೀ. ಸಾಕೆಟ್ ಬೇಕು. ಕಾರು ಗಟ್ಟಿ ಸ್ಟ್ಯಾಂಡ್ ಮೇಲಿರಲಿ. ಆಂಟಿ ರೋಲ್ ಬಾರ್ (ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸರಳು) ಬ್ರಾಕೆಟ್ ಕೂತಿರುವ ಕಡೆ, ಮುಂದಿನ ಕ್ರಾಸ್‌ಮೆಂಬರ್ (ಎರಡು ರೈಲ್‌ಗಳ ನಡುವಿನ ಅಡ್ಡ ತೊಲೆ) ಪಕ್ಕದಲ್ಲಿ, ರೈಲ್‌ನ ಕೆಳ ಅಂಚಿಗೆ ಬೆಳಕು ಓರೆಯಾಗಿ ಬಿಡಿ. ಸ್ಪಾಟ್ ವೆಲ್ಡ್ (ಚುಕ್ಕಿಯಂಥ ಬೆಸುಗೆ) ಇದ್ದಲ್ಲಿ ತಗ್ಗು, ಎರಡು ವೆಲ್ಡ್‌ಗಳ ನಡುವೆ ಉಬ್ಬು, ಹೀಗೆ ಹೊಲಿಗೆ ಹಾಕಿದ ದಿಂಬಿನಂತೆ ಅಂಚು ಅಲೆಯಲೆಯಾಗಿ ಕಂಡರೆ ಒಳಗೆ ತುಕ್ಕು ತುಂಬಿದೆ. ಕಬ್ಬಿಣಕ್ಕಿಂತ ತುಕ್ಕಿಗೆ ಜಾಗ ಹೆಚ್ಚು ಬೇಕು, ಅದು ಪದರಗಳನ್ನು ದೂಡುತ್ತದೆ. ಸ್ಕ್ರೂಡ್ರೈವರ್ ಹಿಡಿಯಿಂದ ರೈಲ್ ಉದ್ದಕ್ಕೂ ಬಡಿಯಿರಿ. ಟಣ್ ಎನ್ನುತ್ತಿದ್ದದ್ದು ದಬ್ ಎಂದ ಜಾಗ ಗುರುತು ಮಾಡಿ. ಇಲ್ಲಿ ದಪ್ಪಗೆ, ಹೊಸದಾಗಿ ಕಪ್ಪು ಅಂಡರ್‌ಕೋಟ್ ಬಳಿದಿದ್ದು, ಮಾಲೀಕರು ಕೆರೆದು ನೋಡಲು ಬಿಡದಿದ್ದರೆ ಅಲ್ಲಿಗೇ ಮಾತು ನಿಲ್ಲಿಸಿ.

ಕ್ರಾಸ್‌ಮೆಂಬರ್, ಅದರ ಮೂಲಕ ಮುಂದಿನ ಸಸ್ಪೆನ್ಷನ್, ಸ್ಟೀರಿಂಗ್ ರ‍್ಯಾಕ್ ಎಲ್ಲ ಈ ರೈಲ್‌ಗಳನ್ನೇ ನೆಚ್ಚಿವೆ. ಅಪಘಾತದಲ್ಲಿ ಮೊದಲ ಪೆಟ್ಟು ನುಂಗಬೇಕಾದದ್ದೂ ಇವೇ. ಬ್ರಿಟನ್‌ನಲ್ಲಿ ಕಾರುಗಳಿಗೆ ವರ್ಷಕ್ಕೊಮ್ಮೆ ನಡೆಯುವ ಎಂಒಟಿ ತಪಾಸಣೆಯಲ್ಲಿ ಸಸ್ಪೆನ್ಷನ್, ಸೀಟ್ ಬೆಲ್ಟ್ ಮೌಂಟಿಂಗ್‌ಗಳಿಂದ 30 ಸೆಂ.ಮೀ. ಒಳಗೆ ಬಲ ಕುಗ್ಗಿಸುವ ತುಕ್ಕಿದ್ದರೆ ಕಾರು ಫೇಲ್. ಹೊರಗಿನಿಂದ ತೇಪೆ ಹಾಕಿದರೆ ನಡುವಿನ ತುಕ್ಕು ಹೋಗುವುದಿಲ್ಲ, ಹೊಸ ತಗಡನ್ನೂ ತಿನ್ನುತ್ತದೆ. ಸರಿಯಾದ ರಿಪೇರಿ ಎಂದರೆ ಬಂಪರ್, ಮಡ್‌ಗಾರ್ಡ್, ಆಂಟಿ ರೋಲ್ ಬಾರ್ ಬಿಚ್ಚಿ, ಒಳ-ಹೊರ ಎರಡೂ ಪದರ ಕತ್ತರಿಸಿ ಹೊಸದು ಕೂರಿಸುವುದು. ಕ್ರಾಸ್‌ಮೆಂಬರ್ ಬೋಲ್ಟ್‌ನಿಂದ ಫ್ಲೋರ್‌ನ ಎದುರು ಬದಿಯ ಒಂದು ಫ್ಯಾಕ್ಟರಿ ರಂಧ್ರಕ್ಕೆ ಮೂಲೆಯಿಂದ ಮೂಲೆಗೆ ಅಳತೆ ಮೊದಲೇ ತೆಗೆದಿಡಿ. ಎರಡು ಕರ್ಣಗಳ ನಡುವೆ 3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಅದು ನೆಲದ ಮೇಲೆ ಮಾಡುವ ಕೆಲಸವಲ್ಲ, ಬಾಡಿಯನ್ನು ಅಳತೆಗೆ ಸರಿಯಾಗಿ ಹಿಡಿದಿಡುವ ಚಾಸಿ ಜಿಗ್‌ಗೆ ಹಾಕಬೇಕು.

ಫ್ಲೋರ್ ಕೆಳಗಿನ ಉದ್ದನೆಯ ಪಟ್ಟಿಗಳು ಚಪ್ಪಟೆಯಾಗಿರುವುದು ಹೆಚ್ಚೂಕಡಿಮೆ ಎಲ್ಲ ಕಾರುಗಳಲ್ಲೂ ಕಾಣುತ್ತದೆ. ತೆಳು ತಗಡು, ತಪ್ಪು ಜಾಗಕ್ಕೆ ಲಿಫ್ಟ್ ಕೊಟ್ಟಿರುತ್ತಾರೆ. ಹರಿದಿಲ್ಲದಿದ್ದರೆ ಅದಕ್ಕಾಗಿ ಕಾರು ಬಿಡಬೇಡಿ. ಸಿಲ್ ಕೆಳಗಿನ ಮಡಿಕೆ ಅಂಚು ಜಾಕ್‌ಗೆ ಬಾಗಿದ್ದರೆ ಮಾತ್ರ ಬಣ್ಣ ಬಿರಿದ ಜಾಗ ಹುಡುಕಿ, ತುಕ್ಕು ಅಲ್ಲಿಂದ ಒಳಗೆ ಹೋಗುತ್ತದೆ.

ನನ್ನ ತೀರ್ಪು: ಸಿಲ್ ಹೋದ, ರೈಲ್ ಗಟ್ಟಿಯಿರುವ ಎನ್‌ಎ ಕಾರನ್ನು ರಿಪೇರಿ ಖರ್ಚು ಬೆಲೆಯಲ್ಲಿ ಕಳೆದು ಧೈರ್ಯವಾಗಿ ಕೊಳ್ಳಬಹುದು. ರೈಲ್ ಉಬ್ಬಿದ ಎನ್‌ಬಿ ಎಷ್ಟೇ ಚೆಂದವಿದ್ದರೂ ಬಿಡಿಭಾಗದ ಬೆಲೆಗಿಂತ ಹೆಚ್ಚು ಕೊಡಬೇಡಿ. ರೈಲ್ ಚೆನ್ನಾಗಿರುವ ಎನ್‌ಬಿ ಸಿಕ್ಕರೆ ಮೊದಲ ಕೆಲಸ ಕ್ಯಾವಿಟಿ ವ್ಯಾಕ್ಸ್, ಅಂದರೆ ಪೊಳ್ಳು ಭಾಗಗಳ ಒಳಗೆ ಸಿಂಪಡಿಸುವ ತುಕ್ಕು ತಡೆಯುವ ಮೇಣ. ಉದ್ದ ಕೊಳವೆಯ ನಾಜಲ್ ಅನ್ನು ರೈಲ್ ಮತ್ತು ಸಿಲ್ ರಂಧ್ರಗಳೊಳಗೆ ತುದಿಯವರೆಗೆ ತೂರಿಸಿ, ಹಿಂದಕ್ಕೆ ಎಳೆಯುತ್ತಾ ಸಿಂಪಡಿಸಿ. ಒಳಗೆ ಪೂರ್ತಿ ಒಣಗಿರಬೇಕು, ಬೆಚ್ಚಗಿನ ದಿನ ಆರಿಸಿಕೊಳ್ಳಿ. ಸ್ಪಾಟ್ ವೆಲ್ಡ್ ಅಂಚಿನಿಂದ ವ್ಯಾಕ್ಸ್ ಜಿನುಗಿ ಹೊರಬಂದರೆ ಪದರಗಳ ನಡುವೆ ತಲುಪಿದೆ. ಮರುದಿನ ಕೆಳಗಿನ ನೀರಿನ ರಂಧ್ರಗಳಲ್ಲಿ ವ್ಯಾಕ್ಸ್ ಕಟ್ಟಿಕೊಂಡಿದ್ದರೆ ಕಡ್ಡಿ ಆಡಿಸಿ ಬಿಡಿಸಿ.